ರೋಗವಿಲ್ಲದ ಇಪ್ಪತ್ತೈದು ಮನೆ

"ಇನ್ನೊಂದು ತಿಂಗ್ಳು! ಒಂದೇ ತಿಂಗ್ಳು! ಅಷ್ಟರೊಳಗೆ ನಿನ್ನ ಹೊಟ್ಟೆಗಡ್ಡೆ ತೆಗ್ಸದೇ ಇದ್ರೆ ನನ್ನ ಹೆಸ್ರು ಜಟ್ಟಿಯೇ ಅಲ್ಲ!"

ಹೊನ್ನಾವರದಿಂದ ಬಂದವನು ಕಾಲು ತೊಳೆಯುವುದಕ್ಕೂ ಪುರಸೊತ್ತಿಲ್ಲದೆ ಅಂಗಳದಲ್ಲೇ ನಿಂತು ಹೀಗೆ ಘೋಷಿಸಿಬಿಟ್ಟ. ಮೀನಿನ ಬುಟ್ಟಿ ತೊಳೆದು ಬೇಲಿಯ ಮೇಲೆ ಬೋರಲು ಹಾಕುತ್ತಿದ್ದ ದುರ್ಗಮ್ಮ ತಿರುಗಿ ನೋಡಿದಳು. ಗಂಡನ ಕಂಕುಳಲ್ಲಿ ಒಂದು ದೊಡ್ಡ ಕಾಗದದ ಕಟ್ಟು ಇತ್ತು. ಕಾಗದ ಕಂಡರೆ ಅವಳಿಗೆ ಹೆದರಿಕೆ. ಜಟ್ಟಿಗೆ ಕಾಗದ ಸಿಕ್ಕರೆ ಏನಾದರೊಂದು ಆಗಿಯೇ ಆಗುತ್ತದೆ ಎಂದು ಹದಿನೆಂಟು ವರ್ಷದ ಸಂಸಾರ ಅವಳಿಗೆ ಕಲಿಸಿತ್ತು.

"ದುಡ್ಡು ಎಲ್ಲಿಂದ ಬತ್ತದೆ?" ಅಂದಳು.

"ದುಡ್ಡಾ? ಕಂಪನಿ ಕೊಡ್ತದೆ! ವಿಮೆ! ವಿಮೆ ಅಂದ್ರೆ ಎಂತ ಗೊತ್ತುಂಟ?"

"ಗೊತ್ತಿಲ್ಲ. ನೀವು ಹೇಳ್ದೆ ಬಿಡ್ತ್ರಾ?"

ಇದು ಎಂಬತ್ತಮೂರನೇ ಇಸವಿಯ ಮಾತು. ಮಂಕಿಯ ಆ ಮೀನುಗಾರರ ಕೇರಿಯಲ್ಲಿ ಏಳನೇ ಇಯತ್ತೆ ದಾಟಿದ ಗಂಡಸು ಅಂದರೆ ಜಟ್ಟಿ ಒಬ್ಬನೇ. ದೋಣಿಯಲ್ಲಿ ಹುಟ್ಟು ಹಾಕುವುದಕ್ಕಿಂತ ದಡದಲ್ಲಿ ಕೂತು ಅರ್ಜಿ ಬರೆಯುವುದರಲ್ಲಿ ಅವನ ಕೈ ಜೋರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಅವನ ಒಂದು ಅರ್ಜಿಗೆ ಸರಕಾರವೇ ಬೆದರಿ ಕೇರಿಗೆ ಬಾವಿ ತೋಡಿಸಿಕೊಟ್ಟಿತ್ತು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಬಾವಿಯಲ್ಲಿ ಉಪ್ಪು ನೀರು ಬಂದದ್ದು ಬೇರೆ ಮಾತು, ಬಿಡಿ.

ನಗುವ ಸಂಗತಿಯೇನೂ ಅಲ್ಲ ಇದು. ಆರು ತಿಂಗಳ ಹಿಂದೆ ಮೀನು ಬುಟ್ಟಿ ಹೊತ್ತು ಹೊರಟ ದುರ್ಗಮ್ಮ ದಾರಿಯಲ್ಲೇ ಹೊಟ್ಟೆ ಹಿಡಿದು ಕುಸಿದು ಕೂತಿದ್ದಳು. ಹೊನ್ನಾವರದ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಗಡ್ಡೆ ಉಂಟು, ಆಪರೇಶನ್ ಮಾಡಿಸಿ, ತಡ ಮಾಡಿದರೆ ಕಷ್ಟ ಎಂದಿದ್ದರು. ಡಾಕ್ಟರು ಕೇಳಿದ್ದಕ್ಕೆಲ್ಲ ಜಟ್ಟಿಯೇ ಟಪಟಪ ಉತ್ತರ ಕೊಟ್ಟಿದ್ದ. ಕೊನೆಗೆ ಡಾಕ್ಟರು ಖರ್ಚು ಎಷ್ಟು ಎಂದು ಹೇಳಿದರು. ಮನೆ, ಬಲೆ, ಹೆಂಡತಿಯ ಕಿವಿಯ ಬೆಂಡೋಲೆ ಎಲ್ಲ ಸೇರಿಸಿ ಮಾರಿದರೂ ಅರ್ಧಕ್ಕೆ ಸಾಲುತ್ತಿರಲಿಲ್ಲ. ಅಂದಿನಿಂದ ಗಂಡ ಹೆಂಡತಿ ಆ ಮಾತನ್ನೇ ಎತ್ತದೆ, ಎದುರೆದುರು ಕೂತು ಗಂಜಿ ಉಂಡು ಏಳುತ್ತಿದ್ದರು.

ಈಗ ಹೊನ್ನಾವರದ ಮೀನುಗಾರರ ಸೊಸೈಟಿಯ ಸೆಕ್ರೆಟರಿ ಅಣ್ಣಪ್ಪ ಹೊಸ ಯೋಜನೆಯ ಸುದ್ದಿ ಹೇಳಿದ್ದ. ಮನೆಗೆ ವರ್ಷಕ್ಕೆ ಹನ್ನೆರಡು ರೂಪಾಯಿ ಕಟ್ಟಿದರಾಯಿತು. ಆ ಮನೆಯ ಯಾರು ಆಸ್ಪತ್ರೆ ಸೇರಿದರೂ ಖರ್ಚು ಕಂಪನಿಯದ್ದು!

"ಆದ್ರೆ ಮೂರು ಕಟ್ಲೆ ಉಂಟು ಜಟ್ಟಿ," ಎಂದು ಅಣ್ಣಪ್ಪ ಬೆರಳು ಮಡಚಿದ್ದ. "ಒಂದೇ ಊರಿನ ಇಪ್ಪತ್ತೈದು ಮನೆ ಒಟ್ಟಿಗೇ ಸೇರ್ಬೇಕು. ಡಾಕ್ಟ್ರು ಬಂದು ಎಲ್ಲರನ್ನೂ ನೋಡ್ತ್ರು. ಹಳೇ ಕಾಯ್ಲೆ ಇದ್ದ ಮನೆ ತೆಗ್ದು ಹಾಕ್ತ್ರು. ಇಪ್ಪತ್ತೈದರಲ್ಲಿ ಒಂದು ಕಮ್ಮಿಯಾದ್ರೂ ಯಾರಿಗೂ ಇಲ್ಲ."

ಬೇರೆ ಯಾರಾದರೂ ಆಗಿದ್ದರೆ ಮೂರನೆಯ ಕಟ್ಟಳೆ ಕೇಳಿ ಎದ್ದು ಬರುತ್ತಿದ್ದರು. ಜಟ್ಟಿ ಕಾಗದದ ಕಟ್ಟು ಕಂಕುಳಲ್ಲಿ ಇಟ್ಟುಕೊಂಡು ಎದ್ದು ಬಂದ.

"ಅಲ್ಲ, ನಂಗೆ ಹಳೇ ಕಾಯ್ಲೆ ಉಂಟಲ್ಲ?" ಎಂದಳು ದುರ್ಗಮ್ಮ.

"ಇಲ್ಲ ಅಂತ ಹೇಳುದು!"

"ಡಾಕ್ಟ್ರಿಗೆ?"

"ಡಾಕ್ಟ್ರಿಗೇ! ಹೊನ್ನಾವರದವ್ರು ಅಲ್ಲ, ಕುಮಟಾದಿಂದ ಬೇರೆ ಬತ್ರು. ಇಡೀ ಊರನ್ನು ನೋಡೂಕೆ ಒಂದೇ ದಿನ. ಯಾರ ಹೊಟ್ಟೆ ಒತ್ತಿ ನೋಡೂಕೂ ಪುರ್ಸೊತ್ತು ಇರೂದಿಲ್ಲ. ಕೇಳ್ತ್ರು, ನಾವು ಹೇಳುದು, ಅವ್ರು ಬರ್ಕಣುದು. ಆತು! ತಿಂಗ್ಳು ಕಳೀಲಿ, ನಿಂಗೆ 'ಹೊಸ್ತಾಗಿ' ಹೊಟ್ಟೆನೋವು ಶುರು!"

ಮಾರನೆಯ ದಿನದಿಂದ ಜಟ್ಟಿಯ ದಿಗ್ವಿಜಯ ಶುರುವಾಯಿತು. ಮೊದಲು ನೆರೆಮನೆಯ ಶನಿಯಾರ. ಐವತ್ತರ ಆಳು, ದೋಣಿ ಎಳೆಯುವುದರಲ್ಲಿ ಇಬ್ಬರ ಬಲ, ಲೆಕ್ಕ ಕೇಳುವುದರಲ್ಲಿ ನಾಲ್ವರ ಬಲ.

"ಹನ್ನೆರ್ಡು ರೂಪಾಯಿ ಕಟ್ಟಿದೆ ಅಂತ ಇಟ್ಕ. ವರ್ಷ ಪೂರ್ತಿ ಕಾಯ್ಲೆ ಬರ್ಲಿಲ್ಲ. ತಿರ್ಗಿ ಕೊಡ್ತ್ರಾ?"

"ಇಲ್ಲ."

"ಹಂಗಾರೆ ಲುಕ್ಸಾನಲ್ಲ ಮಾರಾಯ! ಹನ್ನೆರ್ಡು ರೂಪಾಯಿಯಷ್ಟಾದ್ರೂ ಕಾಯ್ಲೆ ಬರೂಕೇ ಬೇಕು!"

ಎರಡು ಮನೆ ಆಚೆಯ ಹೊನ್ನಿ ಒನಕೆ ಹಿಡಿದೇ ಮಾತಾಡಿಸಿದಳು. "ದುಡ್ಡು ಕೊಟ್ಟು ರೋಗ ಕರ್ಯುದಾ ಜಟ್ಟಣ್ಣ? ಕರೀದೇ ಬಂದದ್ದನ್ನೇ ಕಳ್ಸೂಕೆ ಆಗುದಿಲ್ಲ!"

ಮುದುಕಿ ಲಕ್ಕಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಜಟ್ಟಿಯ ದನಿ ಬಂದ ದಿಕ್ಕಿಗಿಂತ ಸ್ವಲ್ಪ ಆಚೆ ನೋಡುತ್ತ ಕೇಳಿದಳು. "ಸತ್ರೆ ಕೊಡ್ತ್ರಾ ಮಗಾ?"

"ಸತ್ರೆ ಇಲ್ಲ ಲಕ್ಕಮ್ಮ. ಆಸ್ಪತ್ರೆ ಸೇರಿದ್ರೆ ಮಾತ್ರ."

"ಸಾಯೂಕೆ ಇಷ್ಟು ದೂರ ಬಂದು, ಈಗ ಆಸ್ಪತ್ರೆಗೆ ಹೋಗ್ಬೇಕಾ?"

ಮೂರು ದಿನ ಗಂಟಲು ಹರಿದುಕೊಂಡರೂ ಒಂದು ಮನೆಯೂ ಬಲೆಗೆ ಬೀಳಲಿಲ್ಲ. ನಾಲ್ಕನೆಯ ದಿನ ಶನಿಯಾರನ ಜಗುಲಿಯಲ್ಲಿ ಕೂತು ಭಾಷಣ ಮಾಡುತ್ತಿದ್ದವನು ಒಮ್ಮೆಲೇ ಕಾಗದದ ಕಟ್ಟು ಕೆಳಗಿಟ್ಟ. "ಯಾರಿಗೂ ಬೇಡ್ದಿದ್ರೆ ಬೇಡ. ದುರ್ಗಿ ಹೊಟ್ಟೇಲಿ ಗಡ್ಡೆ ಉಂಟು. ತೆಗ್ಸೂಕೆ ನಂಗೆ ಬೇರೆ ದಾರಿ ಇಲ್ಲ," ಅಂದ. ಅಂದವನು ತಲೆ ತಗ್ಗಿಸಿದ.

ಶನಿಯಾರ ಎದ್ದು ಒಳಗೆ ಹೋದ. ಹನ್ನೆರಡು ರೂಪಾಯಿ ತಂದು ಇಟ್ಟ. "ಅದನ್ನು ಮೊದ್ಲೇ ಹೇಳೂಕೆ ನಿಂಗೆ ಎಂತ ಆಗಿತ್ತು?" ಎಂದು ಬೈದ.

ಆ ಸಂಜೆಯೊಳಗೆ ಇಪ್ಪತ್ತನಾಲ್ಕು ಮನೆ ಆಯಿತು. ಹೊನ್ನಿ ಕೋಳಿ ಮಾರಿ ಕೊಟ್ಟಳು. ಲಕ್ಕಿ ಸೆರಗಿನ ಗಂಟು ಬಿಚ್ಚಿ, ಕೈಯಲ್ಲೇ ಮುಟ್ಟಿ ಮುಟ್ಟಿ ನಾಣ್ಯ ಎಣಿಸಿ ಕೊಟ್ಟಳು. ಇಪ್ಪತ್ತೈದನೆಯದು ಜಟ್ಟಿಯದ್ದೇ. ಅವನಿಗೆ ಅಳು ಬಂತು. ಅಳು ಬಂದದ್ದು ಯಾರಿಗೂ ಕಾಣಬಾರದೆಂದು ಕೂಡಲೇ ಫಾರಂ ತುಂಬಲು ಕೂತ. ಹೆಸರು, ವಯಸ್ಸು, ಮನೆಮಂದಿ. ಕೊನೆಗೆ ಒಂದು ಸಾಲು: ಇರುವ ಕಾಯಿಲೆ. ಇಪ್ಪತ್ತೈದು ಹಾಳೆಯಲ್ಲೂ ತನ್ನ ಮುತ್ತಿನಂಥ ಅಕ್ಷರದಲ್ಲಿ, ದಪ್ಪಗೆ, ಅಡಿಗೆರೆ ಎಳೆದು ಬರೆದ. 'ಯಾವುದೂ ಇಲ್ಲ.' ಭೂಮಂಡಲದಲ್ಲಿ ಅಷ್ಟು ಆರೋಗ್ಯವಂತ ಕೇರಿ ಇನ್ನೊಂದು ಇರಲಿಲ್ಲ!

ಬರೆದರೆ ಮುಗಿಯಿತೇ? ಬಾಯಿಪಾಠ ಆಗಬೇಡವೇ? ಡಾಕ್ಟರು ಬರುವ ಹಿಂದಿನ ದಿನ ಜಟ್ಟಿ ಎಲ್ಲರನ್ನೂ ಮರಳಿನ ಮೇಲೆ ಕೂರಿಸಿ ತಾಲೀಮು ನಡೆಸಿದ.

"ಡಾಕ್ಟ್ರು ಕೇಳ್ತ್ರು, ಎಂತ ತೊಂದ್ರೆ ಉಂಟು? ನೀವು ಎಂತ ಹೇಳುದು?"

"ಎಂತ ಇಲ್ಲ ಡಾಕ್ಟ್ರೇ!" ಎಂದಿತು ಊರು.

"ಕೆಮ್ಮು?"

"ಎಂತ ಇಲ್ಲ ಡಾಕ್ಟ್ರೇ!" ಎಂದು ಕೆಮ್ಮುತ್ತಲೇ ಕೂಗಿತು.

ತಾಲೀಮು ಮುಗಿದ ಮೇಲೆ ದುರ್ಗಮ್ಮ ಮೆಲ್ಲಗೆ ಕೇಳಿದಳು. "ಡಾಕ್ಟ್ರು ಎಲ್ಲಿ ಕೂತ್ಕಣ್ತ್ರು?"

"ಜಟಗನ ಕಟ್ಟೆ ಮೇಲೆ. ಊರಲ್ಲಿ ನೆರಳಿದ್ದ ಜಾಗ ಬೇರೆ ಯಾವ್ದುಂಟು?"

"ಬೇರೆ ಕಡೆ ಕೂರ್ಸೂಕೆ ಆಗುದಿಲ್ವಾ? ಅಲ್ಲಿ ಹೆಂಗೆ ಸುಳ್ಳು ಹೇಳುದು?"

ಅವಳು ಕೇಳಿದ್ದರಲ್ಲಿ ಅರ್ಥವಿತ್ತು. ಜಟಗ ಆ ಕೇರಿಯ ದೇವರು. ಮನೆಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಜನ ಮಂಗಳವಾರ ಆ ಕಟ್ಟೆಗೆ ಹೋಗುತ್ತಾರೆ. ಮೈಮೇಲೆ ದೇವರು ಬಂದ ಪಾತ್ರಿ ಕಟ್ಟೆಯ ಮೇಲೆ ಕೂತು, "ಮತ್ತೆಂತ ಉಂಟು? ಮತ್ತೆಂತ ಉಂಟು?" ಎಂದು ಕೇಳುತ್ತಲೇ ಹೋಗುತ್ತಾನೆ. ಹೋದವರು ಮನೆಯಲ್ಲಿದ್ದ ಕಾಯಿಲೆ ಕಸಾಲೆಯನ್ನೆಲ್ಲ, ಕೊಟ್ಟಿಗೆಯ ದನದ ಕಾಲುಬಾವಿನವರೆಗೆ, ಒಪ್ಪಿಸಿಬಿಡಬೇಕು. ಒಂದು ಮುಚ್ಚಿಟ್ಟರೂ ಅದು ವಾಸಿಯಾಗುವುದಿಲ್ಲ, ಮೇಲೆ ದೇವರ ಮುನಿಸು ಬೇರೆ. ಅಜ್ಜನ ಕಾಲದಿಂದ ಹೀಗೇ.

"ಪಾತ್ರಿ ಬೇರೆ, ಡಾಕ್ಟ್ರು ಬೇರೆ!" ಎಂದು ಜಟ್ಟಿ ಗದರಿದ. "ಎಲ್ಲರಿಗೂ ಬುದ್ಧಿ ಉಂಟು. ನೀನು ಮಾತ್ರ ಬಾಯಿ ತಪ್ಪಬೇಡ. ನನ್ನಾಣೆ ಉಂಟು."

ದುರ್ಗಮ್ಮ ಎದ್ದು ಸೀರೆಗೆ ಅಂಟಿದ ಮರಳು ಕೊಡವಿದಳು.

ಕುಮಟಾದ ವಿಘ್ನೇಶ್ವರ ಡಾಕ್ಟರು ಬೆಳಿಗ್ಗೆ ಒಂಬತ್ತಕ್ಕೇ ಬಂದರು. ಚಿಕ್ಕ ಪ್ರಾಯ, ಒಳ್ಳೆಯ ಮೋರೆ, ಕೊರಳಲ್ಲಿ ಕೊಳವೆ. ಕಟ್ಟೆಯ ಮೇಲೆ ಮೇಜು ಕುರ್ಚಿ. ಪಕ್ಕದಲ್ಲಿ ಅಣ್ಣಪ್ಪ. ಎದುರಿಗೆ ಸ್ನಾನ ಮಾಡಿ, ಎಣ್ಣೆ ಹಚ್ಚಿ, ಮದುವೆಗೆ ಹೊರಟ ಹಾಗೆ ನಿಂತ ಇಪ್ಪತ್ತೈದು ಮನೆಯ ಜನ. ಜಟ್ಟಿ ಮುಂದೆ ನಿಂತು ದಿಬ್ಬಣದ ಯಜಮಾನನ ಹಾಗೆ ಎಲ್ಲರನ್ನೂ ಸಾಲು ಹಿಡಿಸಿದ.

ಮೊದಲು ಶನಿಯಾರ.

"ಎಂತ ತೊಂದರೆ ಉಂಟು?"

"ಎಂತ ಇಲ್ಲ ಡಾಕ್ಟ್ರೇ!" ಸಮುದ್ರಕ್ಕೆ ಕೇಳುವ ಹಾಗೆ ಹೇಳಿದ. ಜಟ್ಟಿಯ ಎದೆ ಉಬ್ಬಿತು.

ಡಾಕ್ಟರು ಕೊಳವೆ ಇಟ್ಟು ನೋಡಿದರು. ಬರೆದುಕೊಂಡರು. ಮುಖ ಎತ್ತದೆ, ಅಭ್ಯಾಸಬಲದಿಂದ, ಕೇಳಿದರು.

"ಮತ್ತೆಂತ ಉಂಟು?"

ಆಯಿತು! ಮುಗಿಯಿತು! ಶನಿಯಾರ ಒಮ್ಮೆ ಡಾಕ್ಟರನ್ನು ನೋಡಿದ. ಒಮ್ಮೆ ಅವರ ಬೆನ್ನ ಹಿಂದೆ ಕುಂಕುಮ ಹಚ್ಚಿಕೊಂಡು ಕೂತಿದ್ದ ಜಟಗನನ್ನು ನೋಡಿದ. ಕೈ ತಾನಾಗಿಯೇ ಮುಗಿಯಿತು.

"ತಪ್ಪಾತು ಒಡೆಯಾ! ಮುಚ್ಚಿಟ್ಟೆ! ಹರ್ನಿ ಉಂಟು. ನಾಲ್ಕು ವರ್ಷ ಆತು. ದೋಣಿ ಎಳಿವಾಗ ಕೆಳಗೆ ಇಳೀತದೆ, ಮಲ್ಕಂಡು ಒಳಗೆ ದೂಡ್ತೆ!"

ಡಾಕ್ಟರ ಪೆನ್ನು ನಿಂತಿತು. "ಮತ್ತೆ?"

"ರಾತ್ರಿ ಕಣ್ಣು ಕಾಣುದಿಲ್ಲ. ನನ್ನ ಹೆಂಡ್ತಿಗೆ ಮೂಲವ್ಯಾಧಿ. ಎಮ್ಮೆ ಮೇವು ತಿನ್ನುದಿಲ್ಲ!"

ಜಟ್ಟಿ ಕೆಮ್ಮಿದ. ಕಣ್ಣು ಮಿಟುಕಿಸಿದ. ಎರಡೂ ಕೈ ಎತ್ತಿ ಬೇಡ ಬೇಡ ಎಂದು ಬೀಸಿದ. ಯಾರು ನೋಡುತ್ತಾರೆ? ಶನಿಯಾರ ಒಪ್ಪಿಸಿ ಬಂದದ್ದನ್ನು ಕಂಡ ಮೇಲೆ ಉಳಿದವರಿಗೆ ತಡೆದುಕೊಳ್ಳಲು ಆಗಲೇ ಇಲ್ಲ. ಹೊನ್ನಿ ಎದೆಯ ಗಂಟು ಹೇಳಿದಳು. ಹೊನ್ನಿಯ ಗಂಡ ರಕ್ತ ಕಾರಿದ್ದು ಹೇಳಿದ. ಲಕ್ಕಿ ತನ್ನ ಎರಡೂ ಕಣ್ಣು ಹೇಳಿ ಮುಗಿಸಿ, ಮೂವತ್ತು ವರ್ಷದ ಹಿಂದೆ ಸತ್ತ ಗಂಡನ ದಮ್ಮು ಕಾಯಿಲೆಯನ್ನೂ ಹೇಳಿ, "ಅವ್ರದ್ದು ಈಗ ಬರ್ಕಳ್ಳುದು ಬೇಡ ಅಲ್ದ?" ಎಂದು ವಿಚಾರಿಸಿದಳು. ಹೇಳಿ ಹೋದವರು ಮರೆತದ್ದು ನೆನಪಾಗಿ ತಿರುಗಿ ಬಂದು ಸಾಲಿನಲ್ಲಿ ನಿಂತರು. ಅಣ್ಣಪ್ಪ ತಂದ ಕಾಗದ ಮುಗಿಯಿತು. ಅವನು ಶಾಲೆಗೆ ಓಡಿ ಒಂದು ನೋಟ್‌ಬುಕ್ ತಂದ.

ಡಾಕ್ಟರ ಮುಖ ಮಾತ್ರ ಬರಬರುತ್ತ ಕಪ್ಪಿಟ್ಟಿತು. ಅವರು ಕುರ್ಚಿಯಿಂದ ಇಳಿದು, ಕಟ್ಟೆಯ ಕೆಳಗೆ ನಿಂತು, ಒಬ್ಬೊಬ್ಬರ ಕಣ್ಣ ರೆಪ್ಪೆ ಎತ್ತಿ ನೋಡತೊಡಗಿದರು.

ಕೊನೆಗೆ ದುರ್ಗಮ್ಮ.

"ನಿಮಗೆ ಎಂತ ಅಮ್ಮ?"

"ಎಂತ ಇಲ್ಲ."

"ಮತ್ತೆಂತ ಉಂಟು?"

ದುರ್ಗಮ್ಮ ಜಟಗನನ್ನು ನೋಡಲಿಲ್ಲ. ನೆಲ ನೋಡಿದಳು. "ಮತ್ತೂ ಎಂತ ಇಲ್ಲ," ಎಂದಳು.

ಡಾಕ್ಟರಿಗೆ ನಂಬಿಕೆ ಬರಲಿಲ್ಲ. ಸುತ್ತ ನಿಂತವರ ಕಡೆ ತಿರುಗಿ, "ಹೌದಾ? ಇವರಿಗೆ ನಿಜವಾಗಿಯೂ ಏನೂ ಇಲ್ಲವಾ?" ಎಂದು ಕೇಳಿದರು.

ಆಗ ನೋಡಿ, ತಮ್ಮ ಗುಟ್ಟು ಒಂದನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದ ಆ ಊರು, ದುರ್ಗಮ್ಮನ ಗುಟ್ಟನ್ನು ಮಾತ್ರ ಪ್ರಾಣ ಹೋದರೂ ಬಿಡುವುದಿಲ್ಲ ಎಂಬಂತೆ ಒಂದೇ ಕೊರಳಲ್ಲಿ ಕೂಗಿತು. "ಎಂತ ಇಲ್ಲ ಡಾಕ್ಟ್ರೇ!"

"ಪುಣ್ಯ," ಎಂದು ಡಾಕ್ಟರು ಉಸಿರು ಬಿಟ್ಟು ಅವಳ ಹಾಳೆಗೆ ಸಹಿ ಹಾಕಿದರು.

ಎಂಟು ದಿನದ ಮೇಲೆ ಅಣ್ಣಪ್ಪ ಎರಡು ಲಕೋಟೆ ಹಿಡಿದು ಬಂದ. ಒಂದು ಕಂಪನಿಯದ್ದು. ಇಪ್ಪತ್ತೈದು ಮನೆಯಲ್ಲಿ ವಿಮೆಗೆ ಯೋಗ್ಯವಾದದ್ದು ಒಂದೇ ಮನೆ, ಜಟ್ಟಿಯದ್ದು. ಗುಂಪು ತುಂಬದ ಕಾರಣ ಎಲ್ಲರ ಹಣ ವಾಪಸು. ಜಟ್ಟಿ ಓದಿ ಕೂತಲ್ಲೇ ಕೂತ. ಇದನ್ನು ಅವನು ಎಂಟು ದಿನದಿಂದ ಕಾಯುತ್ತಲೇ ಇದ್ದ. ಇನ್ನೊಂದು ಲಕೋಟೆ ಮಾತ್ರ ಅವನು ಕಾಯದೇ ಇದ್ದದ್ದು.

ವಿಘ್ನೇಶ್ವರ ಡಾಕ್ಟರಿಗೆ ಆ ದಿನ ಮಂಕಿಯಿಂದ ಹೋದ ಮೇಲೆ ಊಟ ಸೇರಲಿಲ್ಲವಂತೆ. ತಾವು ಕಲಿತ ದೊಡ್ಡ ಆಸ್ಪತ್ರೆಗೆ ಹೋಗಿ, ಗುರುಗಳ ಕಾಲು ಹಿಡಿದು, ಬಡವರ ಶಿಬಿರದಲ್ಲಿ ಹನ್ನೊಂದು ಹಾಸಿಗೆ ಬೇಡಿ ತಂದಿದ್ದರು. ಆಪರೇಶನ್, ಔಷಧಿ, ಊಟ, ಎಲ್ಲ ಧರ್ಮಾರ್ಥ! ಗುರುವಾರ ವ್ಯಾನು ಊರಿಗೇ ಬರುತ್ತದೆ. ಕೆಳಗೆ ಹನ್ನೊಂದು ಹೆಸರು. ಶನಿಯಾರ, ಹರ್ನಿಯಾ. ಲಕ್ಕಿ, ಕಣ್ಣು. ಹೊನ್ನಿ, ಎದೆಯ ಗಂಟು. ಜಟ್ಟಿ ಹನ್ನೊಂದನ್ನೂ ಓದಿದ. ಕಾಗದ ತಿರುವಿ ಹಿಂದಿನ ಬದಿ ನೋಡಿದ. ಹಿಂದಿನ ಬದಿಯಲ್ಲಿ ಏನೂ ಇರಲಿಲ್ಲ.

ಅಂಗಿ ಹಾಕಿಕೊಂಡವನು ಗುಂಡಿ ಹಾಕುವುದನ್ನೂ ಮರೆತು ಓಡಿದ. ಕುಮಟಾ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು.

"ಡಾಕ್ಟ್ರೇ, ನನ್ನ ಹೆಂಡ್ತಿಗೂ ಉಂಟು! ಹೊಟ್ಟೇಲಿ ಗಡ್ಡೆ ಉಂಟು!"

ಡಾಕ್ಟರಿಗೆ ಕೋಪ ಬಂತು. ಶಿಬಿರದ ಸುದ್ದಿ ಹಬ್ಬಿದ ಮೇಲೆ ಅಕ್ಕಪಕ್ಕದ ಊರಿನಿಂದಲೂ ಹೀಗೇ ಹೇಳಿಕೊಂಡು ಬಂದವರು ಎಷ್ಟೋ ಮಂದಿ. ಅವರು ಕಡತದಿಂದ ಒಂದು ಹಾಳೆ ಎಳೆದು ಮೇಜಿನ ಮೇಲಿಟ್ಟರು.

"ಇದು ಯಾರ ಅಕ್ಷರ?"

ಜಟ್ಟಿ ನೋಡಿದ. ದಪ್ಪಗೆ, ಚಂದವಾಗಿ, ಅಡಿಗೆರೆ ಎಳೆದು ಬರೆದಿತ್ತು. "ನಂದೇ."

"ನಾನು ಎರಡೆರಡು ಸಲ ಕೇಳಿದೆ. ಅವರೂ ಇಲ್ಲ ಅಂದರು. ಊರೂ ಇಲ್ಲ ಅಂದಿತು."

"ನಾನೇ ಹೇಳ್ಸಿದ್ದು ಡಾಕ್ಟ್ರೇ. ಆಣೆ ಹಾಕಿ ಹೇಳ್ಸಿದ್ದು." ಜಟ್ಟಿ ಅಲ್ಲೇ ನೆಲದ ಮೇಲೆ ಕೂತು ಅತ್ತ. ಈ ಸಲ ಯಾರಿಗೆ ಕಂಡರೂ ಅಡ್ಡಿಯಿಲ್ಲ ಎಂದು ಅತ್ತ.

ಡಾಕ್ಟರಿಗೆ ಕೋಪ ಇಳಿಯಿತು. "ಹಾಸಿಗೆ ಹನ್ನೊಂದೇ. ಹನ್ನೆರಡನೆಯದು ನನ್ನ ಕೈಯಲ್ಲಿಲ್ಲ. ಸೋಮವಾರ ಅವರನ್ನು ಕರಕೊಂಡು ಬನ್ನಿ, ನೋಡುವೆ. ಮುಂದಿನದು ಹೇಳಲಾರೆ," ಎಂದರು.

ಗುರುವಾರ ವ್ಯಾನು ಬಂತು. ಶನಿಯಾರ ಹತ್ತಲೇ ಇಲ್ಲ. ದುರ್ಗಮ್ಮನ ಕೈ ಹಿಡಿದು ಎಳೆದು, "ನನ್ನ ಜಾಗದಲ್ಲಿ ಇವ್ಳು ಹೋಗ್ಲಿ! ನಂದು ಇನ್ನೂ ನಾಲ್ಕು ವರ್ಷ ದೂಡ್ತೆ!" ಎಂದು ಹಟ ಹಿಡಿದ. ಬಂದಿದ್ದ ನರ್ಸು ಚೀಟಿ ನೋಡಿದಳು.

"ಇದರಲ್ಲಿ ಗಂಡಸು, ಐವತ್ತು ವರ್ಷ, ಹರ್ನಿಯಾ ಅಂತ ಉಂಟು."

"ಬರ್ದದ್ದು ತಾನೆ? ಜಟ್ಟಿ ತಿದ್ದಿ ಕೊಡ್ತ!"

"ನಾ ಬರ್ಯುದಿಲ್ಲ," ಎಂದ ಜಟ್ಟಿ. ಅವನ ಬಾಯಿಂದ ಅಂಥ ಮಾತು ಊರು ಕೇಳಿದ್ದು ಅದೇ ಮೊದಲು. ದುರ್ಗಮ್ಮನೇ ಶನಿಯಾರನ ಗಂಟು ಎತ್ತಿ ವ್ಯಾನಿನೊಳಗೆ ಇಟ್ಟಳು. ಹೊನ್ನಿ ಅತ್ತಳು. ಲಕ್ಕಿ, "ಕಣ್ಣು ಬಂದ್ರೆ ಮೊದ್ಲು ನಿನ್ನ ಮೋರೆ ನೋಡ್ತೆ ದುರ್ಗಿ," ಎಂದಳು. ವ್ಯಾನು ಹೋಯಿತು.

ಸೋಮವಾರ ಕುಮಟಾದ ದವಾಖಾನೆಯ ಬಾಗಿಲಲ್ಲಿ ಜಟ್ಟಿ ಒಳಗೆ ಹೋಗಲು ಕಾಲಿಟ್ಟ. ದುರ್ಗಮ್ಮ ತಡೆದಳು.

"ನೀವು ಇಲ್ಲೇ ಕೂತ್ಕಣಿ."

"ನಾ ಬಂದು ಸರಿಯಾಗಿ ಹೇಳ್ತೆ..."

"ಬ್ಯಾಡ. ಹೊಟ್ಟೆ ನಂದಲ್ವಾ?"

ಜಟ್ಟಿ ಹೊರಗಿನ ಬೆಂಚಿನ ಮೇಲೆ ಕೂತ. ಮಧ್ಯದಲ್ಲಿ ಒಂದು ಹಸಿರು ಪರದೆ, ಅಷ್ಟೇ. ಡಾಕ್ಟರು ಕೇಳುವುದು ಕೇಳಿಸುತ್ತಿತ್ತು. ಎಷ್ಟು ದಿನದಿಂದ ನೋವು? ಆರು ತಿಂಗಳು ಎಂದು ಜಟ್ಟಿ ಬೆಂಚಿನ ಮೇಲಿಂದಲೇ ತುಟಿ ಅಲ್ಲಾಡಿಸಿದ.

"ಮೂರು ವರ್ಷ ಆತು," ಎಂದಿತು ಒಳಗಿನ ದನಿ. ಆಮೇಲೆ ಅದು ನಿಲ್ಲಲಿಲ್ಲ. ತಿಂಗಳಿಗೆ ಎಷ್ಟು ದಿನ ರಕ್ತ ಹೋಗುತ್ತದೆ. ಬುಟ್ಟಿ ಹೊತ್ತು ಎಷ್ಟು ದೂರ ನಡೆದರೆ ಕಣ್ಣಿಗೆ ಕತ್ತಲೆ ಬರುತ್ತದೆ. ಯಾವ ಯಾವ ಮನೆಯ ಜಗುಲಿಯಲ್ಲಿ ಒರಗಿ ಕೂತು ಸುಧಾರಿಸಿಕೊಳ್ಳುತ್ತಾಳೆ. ಜಟ್ಟಿಗೆ ಗೊತ್ತಿದ್ದದ್ದು ಅದರಲ್ಲಿ ಒಂದೂ ಇರಲಿಲ್ಲ. ಹೊನ್ನಾವರದ ಡಾಕ್ಟರ ಎದುರಿಗೆ ಹೆಂಡತಿಯ ಹೊಟ್ಟೆಯ ಬಗ್ಗೆ ಕಾಲು ಗಂಟೆ ಭಾಷಣ ಮಾಡಿದ ಮಹಾನುಭಾವ ಅವನು!

ಒಳಗೆ ಡಾಕ್ಟರು ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಕೇಳಿದರು. "ಮೂರು ವರ್ಷ ಮನೆಯಲ್ಲಿ ಯಾಕಮ್ಮ ಹೇಳಲಿಲ್ಲ?"

"ಅವ್ರು ಕೇಳ್ಲೇ ಇಲ್ಲ ಡಾಕ್ಟ್ರೇ," ಎಂದಳು ದುರ್ಗಮ್ಮ. "ಕೇಳಿದ್ರೆ ಹೇಳ್ತಿದ್ದೆ."